ಹಿನ್ನೀರಿನಲ್ಲಿ ಹಾಯಿದೋಣಿಯ ಮಾಸ್ಟ್ ಇಳಿಸಿ ಎತ್ತುವುದು: ಟ್ಯಾಬರ್ನೇಕಲ್ ಹೇಗಿರಬೇಕು?

ಹಿನ್ನೀರ ದಂಡೆ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 18 ಅಡಿಯ ಫೈಬರ್ ಹಾಯಿದೋಣಿ ಇದೆ. ಘಟಪ್ರಭೆಯ ಹಿನ್ನೀರಿನಲ್ಲಿ ಓಡಿಸುತ್ತೇನೆ. ಅಲ್ಲಿಂದ ಚಿಕ್ಕಸಂಗಮದ ಕಡೆ ಹೋಗಿ ಕೃಷ್ಣೆಯ ದೊಡ್ಡ ನೀರಿಗೆ ಇಳಿಯಬೇಕು, ಹಾಗೇ ಮೇಲಕ್ಕೂ ಹೋಗಬೇಕು ಅನ್ನೋದು ಬಹಳ ದಿನದ ಆಸೆ. ತೊಂದರೆ ಒಂದೇ: ಸೇತುವೆ. ಆಲಮಟ್ಟಿ ತುಂಬಿದಾಗ ಮಾಸ್ಟ್, ಅಂದರೆ ಹಾಯಿ ಕಂಬ, ನಿಲ್ಲಿಸಿಕೊಂಡು ಸೇತುವೆ ಕೆಳಗೆ ಹೋಗೋ ಮಾತೇ ಇಲ್ಲ.

ಮಾಸ್ಟ್ ಅಲ್ಯೂಮಿನಿಯಂ, 6 ಮೀಟರ್. ತಂತಿ, ಹಗ್ಗ ಎಲ್ಲ ಸೇರಿ 18 ಕೆಜಿ. ಈಗ ಅದು ಮುಂದಿನ ಡೆಕ್ ಮೇಲೆ ಒಂದು ಕಪ್‌ನಲ್ಲಿ ಸುಮ್ನೆ ಕೂತಿದೆ, ತಂತಿಗಳು ಬಿಗಿಯಾಗಿ ಹಿಡಿದಿವೆ. ಅದರ ಹಿಂದೆಯೇ ಸಣ್ಣ ಕ್ಯಾಬಿನ್. ಕ್ಯಾಬಿನ್ ಚಾವಣಿ ಡೆಕ್‌ಗಿಂತ 45 ಸೆಂ.ಮೀ. ಎತ್ತರ. ದಂಡೆ ಮೇಲಾದರೆ ನಾಲ್ಕು ಮಂದಿ ಸೇರಿ ಎತ್ತುತ್ತೇವೆ. ನೀರಿನ ಮೇಲೆ ಇಬ್ಬರೇ ಇರುತ್ತೇವೆ. ಟ್ಯಾಬರ್ನೇಕಲ್, ಅಂದರೆ ಮಾಸ್ಟ್ ಬುಡವನ್ನು ಒಂದು ಅಡ್ಡ ಪಿನ್ ಮೇಲೆ ತಿರುಗುವಂತೆ ಹಿಡಿಯುವ ಲೋಹದ ಪೆಟ್ಟಿಗೆ, ಹಾಕಿಸಿದರೆ ಕೆಲಸ ಸಲೀಸು ಅಂತ ಓದಿದ್ದೇನೆ. ಹೇಗೆ ಮಾಡಿಸಬೇಕು, ಎಲ್ಲಿ ಮಾಡಿಸಬೇಕು, ಏನು ನೋಡಿಕೊಳ್ಳಬೇಕು? ಗೊತ್ತಿದ್ದವರು ಬಿಡಿಸಿ ಹೇಳಿ.

ಕೊಲ್ಹಾರದ ಹುಡುಗ (ವಿಜಯಪುರ)

ಅಣ್ಣಾ, 18 ಕೆಜಿ ಅಂದ್ರೆ ಒಂದು ಸಣ್ಣ ಚೀಲ ಜೋಳದಷ್ಟೂ ಇಲ್ಲ. ಒಬ್ಬರು ಬುಡ ಹಿಡಿದು, ಒಬ್ಬರು ಹಿಂದಿನಿಂದ ತಳ್ಳಿದರೆ ಆಯ್ತಲ್ವಾ? ಇದಕ್ಕೆ ಕಬ್ಬಿಣದ ಪೆಟ್ಟಿಗೆ ಯಾಕೆ?

ನೌಕೆಯ ಹಳಬ (ವಿಜಯಪುರ)

ತಮ್ಮಾ, ತೂಕ ಇಲ್ಲಿ ಲೆಕ್ಕವೇ ಅಲ್ಲ. 6 ಮೀಟರ್ ಉದ್ದದ ಕಂಬದ ತುದಿ ಪಕ್ಕಕ್ಕೆ ಒಂದು ಮೊಳ ವಾಲಿದರೆ ಬುಡದಲ್ಲಿ ಹಿಡಿದವನ ಕೈಗೆ ಅದು ನಿಲ್ಲುವುದಿಲ್ಲ. ಸಂಕ್ರಾಂತಿ ಹೊತ್ತಿಗೆ ಸಿದ್ಧೇಶ್ವರ ಜಾತ್ರೆಯಲ್ಲಿ ನಂದಿಕೋಲು ಹೊರುವವರನ್ನು ನೋಡಿದ್ದೀಯಲ್ಲ, ಅಷ್ಟು ಪಳಗಿದವರಿಗೂ ಸುತ್ತ ಜನ ಬೇಕು. ಅದೂ ಗಟ್ಟಿ ನೆಲದ ಮೇಲೆ.

ನೀರಿನ ಮೇಲೆ ದೋಣಿಯೇ ಅಲುಗುತ್ತದೆ. ಇಬ್ಬರೂ ಮುಂದಿನ ಡೆಕ್‌ಗೆ ಹೋದರೆ ಮೂತಿ ತಗ್ಗುತ್ತದೆ, ಒಬ್ಬ ಪಕ್ಕಕ್ಕೆ ಹೆಜ್ಜೆ ಇಟ್ಟರೆ ದೋಣಿ ಅತ್ತ ವಾಲುತ್ತದೆ. ಕೆಳಗೆ ದೋಣಿ 5 ಡಿಗ್ರಿ ವಾಲಿದರೆ ಮೇಲೆ ಮಾಸ್ಟ್ ತುದಿ ಅರ್ಧ ಮೀಟರ್ ಸರಿದಿರುತ್ತದೆ. ದೂರದಲ್ಲಿ ಒಂದು ಮೀನುಗಾರಿಕೆ ಮೋಟಾರ್ ದೋಣಿ ಹೋದರೂ ಸಾಕು, ಅದರ ಅಲೆ ನಿಮ್ಮನ್ನು ತಲುಪುತ್ತದೆ.

ಟ್ಯಾಬರ್ನೇಕಲ್ ಮಾಡೋ ಕೆಲಸ ಎರಡು. ಒಂದು, ಬುಡ ಜಾರದಂತೆ ಹಿಡಿಯುತ್ತದೆ. ಎರಡು, ಮಾಸ್ಟ್ ಒಂದೇ ದಿಕ್ಕಿನಲ್ಲಿ, ಅಂದರೆ ಹಿಂದಕ್ಕೆ ಮುಂದಕ್ಕೆ ಮಾತ್ರ, ತಿರುಗುವಂತೆ ಮಾಡುತ್ತದೆ. ಇದನ್ನು ನೋಡಿ ಎಲ್ಲರೂ ಅಂದುಕೊಳ್ಳೋದು, ಇನ್ನು ಪಕ್ಕಕ್ಕೆ ಬೀಳಲ್ಲ ಅಂತ. ಅದು ತಪ್ಪು ಎಣಿಕೆ. ಎಡಬಲದ ಹೊಡೆತ ತಡೆಯೋ ಶಕ್ತಿ ಆ ಪೆಟ್ಟಿಗೆಗೆ ಇಲ್ಲ. ಟ್ಯಾಬರ್ನೇಕಲ್‌ನ ಬೋಲ್ಟ್‌ಗಳು ಡೆಕ್‌ನ ಫೈಬರ್ ಸಮೇತ ಕಿತ್ತು ಬಂದ ದೋಣಿ ನಾನು ಕಾರವಾರದ ಕಡೆ ನೋಡಿದ್ದೇನೆ. ಎತ್ತುವುದಕ್ಕೆ ಏನು ಏರ್ಪಾಡು ಅಂತ ಆಮೇಲೆ ಯೋಚಿಸಿ. ಪಕ್ಕದ ಹಗ್ಗಕ್ಕೆ ಏನು ಏರ್ಪಾಡು, ಅದನ್ನು ಮೊದಲು ತೀರ್ಮಾನ ಮಾಡಿ.

ಮೆಕ್ಯಾನಿಕ್ಸ್ ಮೇಷ್ಟ್ರು (ಬಾಗಲಕೋಟೆ)

ಹಳಬರು ಹೇಳಿದ್ದಕ್ಕೆ ಲೆಕ್ಕ ಸೇರಿಸುತ್ತೇನೆ. ಮಾಸ್ಟ್ ಪಕ್ಕಕ್ಕೆ 10 ಡಿಗ್ರಿ ವಾಲಿತು ಅಂದುಕೊಳ್ಳಿ. 18 ಕೆಜಿ ಭಾರದ ಕೇಂದ್ರ ಪಿನ್‌ನಿಂದ 2.6 ಮೀಟರ್ ಮೇಲಿದೆ ಅಂತಿಟ್ಟುಕೊಂಡರೆ, ಪಿನ್ ಹತ್ತಿರ ಸುಮಾರು 8 ಕೆಜಿ-ಮೀಟರ್ ತಿರುಚು ಬರುತ್ತದೆ. ಟ್ಯಾಬರ್ನೇಕಲ್‌ನ ಎರಡು ಕೆನ್ನೆಗಳ (ಪಕ್ಕದ ಪ್ಲೇಟ್‌ಗಳ) ನಡುವೆ 10 ಸೆಂ.ಮೀ. ಅಂತರ ಇದ್ದರೆ ಒಂದೊಂದು ಕೆನ್ನೆ ಮೇಲೂ 80 ಕೆಜಿ. ಇದು ನಿಧಾನವಾಗಿ ವಾಲಿದಾಗಿನ ಮಾತು. ಜರ್ಕ್ ಹೊಡೆದರೆ ಇದರ ಎರಡು ಮೂರು ಪಟ್ಟು ಆಗಬಹುದು.

ಇನ್ನು ಎತ್ತುವ ವಿಷಯ. ಹೆಚ್ಚಿನವರು ಫೋರ್‌ಸ್ಟೇಯನ್ನೇ, ಅಂದರೆ ಮೂತಿಗೆ ಬರುವ ಮುಂದಿನ ತಂತಿಯನ್ನೇ, ಎಳೆದು ಎತ್ತೋಣ ಅಂತ ಹೊರಡುತ್ತಾರೆ. ಮಾಸ್ಟ್ ಹಿಂದೆ ಮಲಗಿದೆ, ಹಿಂಬದಿಯ ಕವಲು ಆಸರೆ ಮೇಲೆ 10 ಡಿಗ್ರಿ ಎತ್ತರದಲ್ಲಿದೆ. ತಂತಿ ಮಾಸ್ಟ್‌ಗೆ ಸೇರುವ ಜಾಗ ಪಿನ್‌ನಿಂದ 5 ಮೀಟರ್. ಮೂತಿ ಪಿನ್‌ಗಿಂತ 1.6 ಮೀಟರ್ ಮುಂದೆ. ಪಿನ್ ಡೆಕ್ ಮಟ್ಟದಲ್ಲೇ ಇದ್ದರೆ ತಂತಿಯ ಎಳೆತದ ಗೆರೆ ಪಿನ್‌ನಿಂದ ಬರೀ 21 ಸೆಂ.ಮೀ. ಮೇಲೆ ಹಾಯುತ್ತದೆ. ಅಷ್ಟು ಗಿಡ್ಡ ಸನ್ನೆಯಲ್ಲಿ 18 ಕೆಜಿ ಮಾಸ್ಟ್ ಅಲುಗಿಸಲು 220 ಕೆಜಿ ಹತ್ತಿರ ಎಳೆಯಬೇಕು. ಅಷ್ಟೂ ಬಲ ಪಿನ್ ಮೇಲೆ, ಡೆಕ್ ಮೇಲೆ ಬೀಳುತ್ತದೆ.

ನಿಮ್ಮ ದೋಣಿಯ ಸ್ಥಿತಿ ಇನ್ನೂ ಬೇರೆ. ಕ್ಯಾಬಿನ್ ಅಡ್ಡ ಇರುವುದರಿಂದ ಪಿನ್ ಚಾವಣಿಗಿಂತ ಮೇಲಿರಬೇಕು, ಸುಮಾರು 55 ಸೆಂ.ಮೀ. ಎತ್ತರದಲ್ಲಿ. ಆಗ ಮಲಗಿದ ಮಾಸ್ಟ್‌ನಿಂದ ಮೂತಿಗೆ ಗೆರೆ ಎಳೆದರೆ ಅದು ಪಿನ್‌ಗಿಂತ ಕೆಳಗೆ ಹೋಗುತ್ತದೆ! ಎಷ್ಟು ಎಳೆದರೂ ಮಾಸ್ಟ್ ಏಳುವುದಿಲ್ಲ. ಏಳುವ ಬದಲು ಆಸರೆ ಮೇಲೆ ಇನ್ನೂ ಒತ್ತಿ ಕೂರುತ್ತದೆ.

ಇದಕ್ಕೇ ಜಿನ್ ಪೋಲ್ ಬೇಕು. ಮಾಸ್ಟ್ ಬುಡದಿಂದ, ಮಾಸ್ಟ್‌ಗೆ ಲಂಬವಾಗಿ ನಿಲ್ಲುವ ಒಂದೂವರೆ ಮೀಟರ್ ಕೋಲು. ಫೋರ್‌ಸ್ಟೇ ಕೆಳತುದಿಯನ್ನು ಅದರ ತುದಿಗೆ ಕಟ್ಟಿ, ಆ ತುದಿಯಿಂದ ಮೂತಿಗೆ ರಾಟೆ ಹಗ್ಗ ಹಾಕಿ. ಮಾಸ್ಟ್ ಮಲಗಿದಾಗ ಕೋಲು ನೆಟ್ಟಗೆ ನಿಂತಿರುತ್ತದೆ. ಈಗ ಸನ್ನೆ 1 ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಆಯಿತು. ಎಳೆತ 45 ಕೆಜಿಗೆ ಇಳಿಯಿತು. ನಾಲ್ಕು ಎಳೆಯ ರಾಟೆ ಹಾಕಿದರೆ ಕೈಗೆ ಬರುವುದು ಘರ್ಷಣೆ ಸೇರಿ 13–14 ಕೆಜಿ. ಒಬ್ಬರು ಕೂತಲ್ಲೇ ಎಳೆಯಬಹುದು. ಮಾಸ್ಟ್ ಮೇಲೇರಿದಂತೆ ಭಾರ ಇನ್ನೂ ಕಡಿಮೆಯಾಗುತ್ತಾ ಹೋಗುತ್ತದೆ.

ಹಿನ್ನೀರ ದಂಡೆ (ಬಾಗಲಕೋಟೆ)

ಮೇಷ್ಟ್ರೇ, ತುಂಬಾ ಉಪಕಾರ ಆಯಿತು. ಜಿನ್ ಪೋಲ್‌ಗೆ ನನ್ನ ಬೂಮನ್ನೇ (ಹಾಯಿಯ ಕೆಳಗಿನ ಅಡ್ಡಕೋಲು) ಬಳಸಬಹುದಾ? ಅದು 2.4 ಮೀಟರ್ ಇದೆ.

ಮೆಕ್ಯಾನಿಕ್ಸ್ ಮೇಷ್ಟ್ರು (ಬಾಗಲಕೋಟೆ)

ನಿಮಗೆ ಬೇಡ. ಮಾಸ್ಟ್ ನೆಟ್ಟಗಾದಾಗ ಕೋಲು ಮುಂದಕ್ಕೆ ಮಲಗುತ್ತದೆ. ನಿಮ್ಮ ಮೂತಿ ಇರುವುದೇ 1.6 ಮೀಟರ್ ಮುಂದೆ. ಬೂಮ್ ಅದನ್ನೂ ದಾಟಿ ನೀರಿನ ಮೇಲೆ ಚಾಚುತ್ತದೆ, ರಾಟೆ ಹಗ್ಗ ಕೊನೆಯಲ್ಲಿ ಹಿಂದಕ್ಕೆ ಎಳೆಯತೊಡಗುತ್ತದೆ. ಒಂದೂವರೆ ಮೀಟರ್‌ನ ಗಟ್ಟಿ ಅಲ್ಯೂಮಿನಿಯಂ ಪೈಪ್ ಸಾಕು.

ಉದ್ಯಮಬಾಗ್ ವೆಲ್ಡರ್ (ಬೆಳಗಾವಿ)

ಮಾಡಿಸುವ ವಿಷಯಕ್ಕೆ ಬರುತ್ತೇನೆ. ಉದ್ಯಮಬಾಗ್‌ನಲ್ಲಿ ಲೇಸರ್ ಕಟಿಂಗ್, ಬೆಂಡಿಂಗ್, ಟಿಗ್ ವೆಲ್ಡಿಂಗ್ ಎಲ್ಲ ಒಂದೇ ಬೀದಿಯಲ್ಲಿ ಸಿಗುತ್ತದೆ. ಡ್ರಾಯಿಂಗ್ ಸರಿ ಇರಬೇಕು ಅಷ್ಟೇ.

ಕೆನ್ನೆಗಳಿಗೆ 6 ಮಿ.ಮೀ. ಸ್ಟೇನ್‌ಲೆಸ್ ಪ್ಲೇಟ್, ತಳಕ್ಕೆ 8 ಮಿ.ಮೀ. ನಮ್ಮದು ಸಿಹಿನೀರು, 304 ಗ್ರೇಡ್ ಸಾಕು. ಸಮುದ್ರಕ್ಕೆ ಒಯ್ಯುವ ಯೋಚನೆ ಇದ್ದರೆ ಮಾತ್ರ 316 ತಗೊಳ್ಳಿ. ದುಡ್ಡು ಉಳಿಸಬೇಕಾದರೆ ಎಂಎಸ್ (ಸಾದಾ ಉಕ್ಕಿನ) ಪ್ಲೇಟ್‌ನಲ್ಲಿ ಮಾಡಿಸಿ ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿಸಿದರೂ ನಡೆಯುತ್ತದೆ. ಆದರೆ ತೂತುಗಳನ್ನು ಸತುವಿನ ದಪ್ಪ ಲೆಕ್ಕ ಹಾಕಿ ಸ್ವಲ್ಪ ದೊಡ್ಡದಾಗೇ ಕೊರೆಸಿ, ಇಲ್ಲದಿದ್ದರೆ ಪಿನ್ ಹೋಗುವುದಿಲ್ಲ.

ಈಗ ಆಕಾರ. ನಿಮ್ಮದು ಪಿನ್ ಮೇಲಿರುವ ಬಗೆ. ಮಾಸ್ಟ್ ಹಿಂದಕ್ಕೆ ಬಾಗಿದರೆ ಪಿನ್‌ಗಿಂತ ಕೆಳಗಿನ ಅರ್ಧ ಮೀಟರ್ ಬುಡ ಮುಂದಕ್ಕೆ ಎದ್ದು ಬರುತ್ತದೆ. ಅಂದರೆ ಪೆಟ್ಟಿಗೆಯ ಮುಂಬದಿ ಪೂರ್ತಿ ತೆರೆದಿರಬೇಕು. ಹಿಂಬದಿಗೆ ಪ್ಲೇಟ್ ಹಾಕಿ ಮುಚ್ಚಬಹುದು, ಆದರೆ ಪಿನ್ ಹತ್ತಿರ ಮೇಲಿನ ಭಾಗ ತೆರೆದಿರಲಿ, ಮಾಸ್ಟ್ ಮಲಗುವುದಕ್ಕೆ ಜಾಗ ಬೇಕಲ್ಲ. ಬುಡ ಹಾಯುವ ದಾರಿಯಲ್ಲಿ ಹ್ಯಾಚ್ ಹಿಡಿ, ಕ್ಲೀಟ್ (ಹಗ್ಗ ಕಟ್ಟುವ ಗೂಟ), ಲಂಗರಿನ ಸರಪಳಿ ಏನೂ ಇರಬಾರದು. ಮಾಸ್ಟ್ ನಿಂತ ಮೇಲೆ ಬುಡದ ಹತ್ತಿರ ಅಡ್ಡಲಾಗಿ ಎರಡನೇ ಬೋಲ್ಟ್ ಹಾಕಿ ಬೀಗ ಹಾಕಬೇಕು.

ಒಂದು ಮುಖ್ಯ ಮಾತು. ಮಾಸ್ಟ್‌ನ ಭಾರ ಪಿನ್ ಮೇಲೆ ಕೂರಬಾರದು. ಹಾಯಿಗೆ ಗಾಳಿ ಬಿದ್ದಾಗ ತಂತಿಗಳೆಲ್ಲ ಸೇರಿ ಮಾಸ್ಟನ್ನು ಕೆಳಕ್ಕೆ ಒತ್ತುತ್ತವೆ, ಅದು ಮಾಸ್ಟ್ ತೂಕಕ್ಕಿಂತ ಎಷ್ಟೋ ಪಟ್ಟು. ಆ ಒತ್ತಡ ಬುಡದಿಂದ ತಳದ ಪ್ಲೇಟ್‌ಗೆ ನೇರ ಹೋಗಬೇಕು. ಅದಕ್ಕೆ ಮಾಸ್ಟ್‌ನಲ್ಲಿ ಪಿನ್ ತೂತನ್ನು ಮೇಲೆ ಕೆಳಗೆ 3–4 ಮಿ.ಮೀ. ಉದ್ದ ಮಾಡಿ. ಇಲ್ಲದಿದ್ದರೆ 12 ಮಿ.ಮೀ. ಪಿನ್ ಅಲ್ಯೂಮಿನಿಯಂ ಗೋಡೆಯನ್ನು ದಿನಾ ತಿನ್ನುತ್ತಾ ಹೋಗುತ್ತದೆ. ತೂತಿನ ಒಳಗೆ ಒಂದು ಪೈಪ್ ಬುಶ್ ಕೂರಿಸಿದರೆ ಇನ್ನೂ ಒಳ್ಳೆಯದು, ಬೋಲ್ಟ್ ಬಿಗಿದಾಗ ಮಾಸ್ಟ್ ಚಪ್ಪಟೆಯಾಗುವುದಿಲ್ಲ.

ಡೆಕ್ ಕೆಳಗೆ ನೋಡಿದ್ದೀರಾ? ತಟ್ಟಿದರೆ ಟೊಳ್ಳು ಸದ್ದು ಬಂದರೆ ನಡುವೆ ಫೋಮ್ ಅಥವಾ ಹಗುರ ಮರದ ಪದರ ಇದೆ ಅಂತ. ಬೋಲ್ಟ್ ಬಿಗಿದರೆ ಅದು ಕುಸಿಯುತ್ತದೆ. ಆ ಜಾಗದ ಪದರ ತೆಗೆದು ಎಪಾಕ್ಸಿ ತುಂಬಿ, ಅಡಿಯಲ್ಲಿ ಅಂಗೈಗಿಂತ ದೊಡ್ಡ ಬ್ಯಾಕಿಂಗ್ ಪ್ಲೇಟ್ ಕೊಟ್ಟು, ನಾಲ್ಕು ಎಂ10 ಬೋಲ್ಟ್ ಹಾಕಿ. ಜೊತೆಗೆ ಡೆಕ್‌ನಿಂದ ದೋಣಿಯ ತಳದ ದಿಂಡಿಗೆ ಒಂದು ಆಸರೆ ಕಂಬ ಇರಲೇಬೇಕು.

ಕೊಲ್ಹಾರದ ಹುಡುಗ (ವಿಜಯಪುರ)

ಬುಡದಲ್ಲೇ ಸೀಸದ ಗುಂಡು ಕಟ್ಟಿದರೆ ತಕ್ಕಡಿ ಹಾಗೆ ತಾನೇ ತೂಗುತ್ತದಲ್ವಾ? ಆಗ ರಾಟೆಯೂ ಬೇಡ.

ಮೆಕ್ಯಾನಿಕ್ಸ್ ಮೇಷ್ಟ್ರು (ಬಾಗಲಕೋಟೆ)

ಒಳ್ಳೆ ಯೋಚನೆ, ಇದನ್ನು ನಿಜವಾಗಿ ಮಾಡುತ್ತಿದ್ದರು. ಇಂಗ್ಲೆಂಡಿನ ನಾರ್ಫೋಕ್ ನದಿಗಳಲ್ಲಿ ವೆರಿ ಅನ್ನುವ ಸರಕು ದೋಣಿಗಳಿದ್ದವು. 1898ರಲ್ಲಿ ಕಟ್ಟಿದ ಆಲ್ಬಿಯನ್ ಅನ್ನುವ ವೆರಿ ಇವತ್ತಿಗೂ ಉಳಿದಿದೆ. ಅವುಗಳ ದಪ್ಪ ಮರದ ಮಾಸ್ಟ್ ಬುಡದಲ್ಲಿ ಒಂದು ಟನ್‌ಗಿಂತ ಜಾಸ್ತಿ ಸೀಸ. ಸೇತುವೆ ಹತ್ತಿರ ಬಂದಾಗ ಮುಂದಿನ ಹಗ್ಗ ಸಡಿಲಿಸಿ ಮಾಸ್ಟ್ ಮಲಗಿಸುತ್ತಿದ್ದರು, ದೋಣಿ ಅದೇ ಓಟದಲ್ಲಿ ಸೇತುವೆ ಕೆಳಗೆ ನುಗ್ಗುತ್ತಿತ್ತು, ಆಚೆ ಬಂದ ಕೂಡಲೇ ಎತ್ತುತ್ತಿದ್ದರು. ಇಬ್ಬರೇ ಆಳು. ಎಷ್ಟು ಚೆಂದದ ಕೆಲಸ ನೋಡಿ!

ಆದರೆ ಇಲ್ಲಿ ಲೆಕ್ಕ ಹಾಕಿದರೆ, ಪಿನ್‌ಗಿಂತ 45 ಸೆಂ.ಮೀ. ಕೆಳಗೆ ಸೀಸ ಕಟ್ಟಿ ಪೂರ್ತಿ ತೂಗಿಸಲು 104 ಕೆಜಿ ಬೇಕು. 18 ಅಡಿ ದೋಣಿಯ ಮೂತಿಯಲ್ಲಿ ಅಷ್ಟು ಭಾರ ಹೊರಿಸಿದರೆ ಅದು ಚೆನ್ನಾಗಿ ಓಡುವುದಿಲ್ಲ.

ನೌಕೆಯ ಹಳಬ (ವಿಜಯಪುರ)

ಈಗ ಪಕ್ಕದ ಹಗ್ಗಗಳಿಗೆ ಬರೋಣ. ಶ್ರೌಡ್ ತಂತಿಗಳು ಎಡಬಲಕ್ಕೆ ಇದ್ದೇ ಇವೆಯಲ್ಲ ಅನ್ನಬೇಡಿ. ಅವುಗಳ ಕೆಳಕೊಂಡಿ ಪಿನ್‌ಗಿಂತ ಹಿಂದೆ, ಪಿನ್‌ಗಿಂತ ಕೆಳಗೆ ಇದೆ. ಮಾಸ್ಟ್ ಹಿಂದಕ್ಕೆ ಬಾಗಿದ ಕ್ಷಣದಿಂದ ಅವು ಸಡಿಲ. ಪೂರ್ತಿ ಮಲಗುವಷ್ಟರಲ್ಲಿ ಮುಕ್ಕಾಲು ಮೀಟರ್ ಸಡಿಲ ಬಂದಿರುತ್ತದೆ. ನಡುದಾರಿಯಲ್ಲಿ ಮಾಸ್ಟನ್ನು ಹಿಡಿಯುವವರು ಯಾರೂ ಇಲ್ಲ.

ಪಕ್ಕದ ಹಗ್ಗ ಮೊದಲಿನಿಂದ ಕೊನೆವರೆಗೆ ಒಂದೇ ಬಿಗಿಯಲ್ಲಿರಬೇಕಾದರೆ ಅದರ ಕೆಳತುದಿ ಪಿನ್‌ನ ಸಾಲಿನಲ್ಲೇ ಇರಬೇಕು. ಪಿನ್ ಒಳಗೆ ಒಂದು ಉದ್ದ ಸಲಾಕೆ ತೂರಿಸಿ ದೋಣಿಯ ಎರಡೂ ಅಂಚಿಗೆ ಚಾಚಿದ್ದೇವೆ ಅಂದುಕೊಳ್ಳಿ. ಆ ಸಲಾಕೆಯ ತುದಿ ಎಲ್ಲಿ ಬರುತ್ತದೋ ಅಲ್ಲಿ ಹಗ್ಗ ಕಟ್ಟಬೇಕು. ಹಿಂದೆ ಮುಂದೆ ಆದರೂ ತಪ್ಪು, ಮೇಲೆ ಕೆಳಗೆ ಆದರೂ ತಪ್ಪು. ಆ ಸಾಲು ತಪ್ಪಿದರೆ ಹಗ್ಗ ಒಂದು ಕಡೆ ಸಡಿಲ ಆಗುತ್ತದೆ, ಇನ್ನೊಂದು ಕಡೆ ಬಿಗಿದು ಮಾಸ್ಟನ್ನು ನಿಲ್ಲಿಸಿಬಿಡುತ್ತದೆ.

ನಿಮ್ಮ ಪಿನ್ ಡೆಕ್‌ಗಿಂತ 55 ಸೆಂ.ಮೀ. ಮೇಲಿದೆ, ಅಂಚಿನಲ್ಲಿ ಅಷ್ಟು ಎತ್ತರದಲ್ಲಿ ಕೊಂಡಿ ಹಾಕಲು ಏನೂ ಇಲ್ಲ. ಅದಕ್ಕೊಂದು ಉಪಾಯ ಇದೆ. ಒಂದೊಂದು ಬದಿಗೆ ಒಂದು ಸ್ಟೀಲ್ ರಿಂಗ್ ತಗೊಳ್ಳಿ. ರಿಂಗ್‌ನಿಂದ ಕೆಳಕ್ಕೆ ಎರಡು ಕಾಲು: ಒಂದು ಡೆಕ್ ಅಂಚಿನ ಮುಂದಿನ ಕೊಂಡಿಗೆ, ಇನ್ನೊಂದು ಹಿಂದಿನ ಕೊಂಡಿಗೆ. ಮೇಲಕ್ಕೆ ಒಂದು ಹಗ್ಗ: ಮಾಸ್ಟ್‌ನ ಅರ್ಧ ಎತ್ತರಕ್ಕೆ. ಮಾಸ್ಟ್ ನೆಟ್ಟಗೆ ನಿಂತಿರುವಾಗಲೇ ಮೂರನ್ನೂ ಬಿಗಿ ಮಾಡಿ, ರಿಂಗ್ ಪಿನ್‌ನ ಸಾಲಿಗೆ ಸರಿಯಾಗಿ ಗಾಳಿಯಲ್ಲಿ ನಿಲ್ಲುವಂತೆ ಹೊಂದಿಸಿ. ಆಮೇಲೆ ಮಾಸ್ಟ್ ಎಷ್ಟು ಬಾಗಿದರೂ ರಿಂಗ್ ಕದಲುವುದಿಲ್ಲ. ಜಿನ್ ಪೋಲ್ ತುದಿಗೂ ಇದೇ ರಿಂಗ್‌ಗಳಿಂದ ಒಂದೊಂದು ಹಗ್ಗ ಕೊಡಿ, ಅದು ಸಹ ಪಕ್ಕಕ್ಕೆ ಮಗುಚಬಾರದು. ಹಿಗ್ಗುವ ನೈಲಾನ್ ಹಗ್ಗ ಬೇಡ, ಪಾಲಿಯೆಸ್ಟರ್ ಹಗ್ಗ ತಗೊಳ್ಳಿ.

ಬೀಳಗಿ ರೈತ (ಬಾಗಲಕೋಟೆ)

ದೋಣಿ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ. ಕರೆಂಟ್ ಬಗ್ಗೆ ಒಂದು ಮಾತು ಹೇಳಲೇಬೇಕು. ಹಿನ್ನೀರಿನ ಅಂಚಿನಲ್ಲಿ ಪಂಪ್‌ಸೆಟ್‌ಗಳಿಗೆ ಎಳೆದ 11 ಕೆವಿ ಲೈನ್‌ಗಳು ಎಲ್ಲೆಂದರಲ್ಲಿ ಇವೆ. ಬೇಸಿಗೆಯಲ್ಲಿ ಹೊಲದ ಮೇಲೆ ಎತ್ತರದಲ್ಲಿ ಕಾಣುವ ತಂತಿ, ಡ್ಯಾಂ ತುಂಬಿದಾಗ ನೀರಿಗೆ ಎಷ್ಟು ಹತ್ತಿರ ಬರುತ್ತದೆ ಅಂತ ನಮಗೆ ಗೊತ್ತು. ನಿಮ್ಮದು ಅಲ್ಯೂಮಿನಿಯಂ ಕಂಬ, ಜೊತೆಗೆ ಸ್ಟೀಲ್ ತಂತಿ. ತಾಗಬೇಕು ಅಂತಲೂ ಇಲ್ಲ, ಹತ್ತಿರ ಹೋದರೇ ಹಾರಿ ಹೊಡೆಯುತ್ತದೆ. ದಯವಿಟ್ಟು ದಂಡೆಯ ಹತ್ತಿರ ಮಾಸ್ಟ್ ಎತ್ತುವ ಮುನ್ನ ತಲೆ ಎತ್ತಿ ಸುತ್ತ ನೋಡಿ. ಟ್ರೇಲರ್ ಮೇಲೆ ನಿಲ್ಲಿಸಿ ಎತ್ತುವಾಗಲೂ ಅಷ್ಟೇ. ಎತ್ತಿದ ಮಾಸ್ಟ್ ಜೊತೆ ಟ್ರೇಲರ್ ಎಳೆಯಲೇಬೇಡಿ.

ಇನ್ನೊಂದು, ಏಪ್ರಿಲ್–ಮೇ ತಿಂಗಳ ಸಂಜೆ ಅಡ್ಡಮಳೆ ಬರುವ ಮುನ್ನ ಗಾಳಿ ಒಮ್ಮೆಲೇ ನುಗ್ಗುತ್ತದೆ. ಪಶ್ಚಿಮದಲ್ಲಿ ಮೋಡ ಕಪ್ಪಾದರೆ ಆ ಕೆಲಸಕ್ಕೆ ಕೈ ಹಾಕಬೇಡಿ.

ಹಿಡಕಲ್ ಹಕ್ಕಿ (ಬೆಳಗಾವಿ)

ರೈತರು ಹೇಳಿದ ನೀರಿನ ಮಟ್ಟದ ಮಾತು ಸೇತುವೆಗೂ ಸಲ್ಲುತ್ತದೆ. ನಾರ್ಫೋಕ್ ಕಡೆ ಸೇತುವೆಗಳ ಹತ್ತಿರ ಅಳತೆಪಟ್ಟಿ ಇರುತ್ತದೆ, ಇವತ್ತು ಎಷ್ಟು ಎತ್ತರ ಖಾಲಿ ಇದೆ ಅಂತ ದೋಣಿಯಿಂದಲೇ ಓದಬಹುದು. ನಮ್ಮಲ್ಲಿ ಅದನ್ನು ನಾವೇ ಮಾಡಿಕೊಳ್ಳಬೇಕು.

ಒಂದು ದಿನ ಸೇತುವೆಯ ತೊಲೆಯ ಕೆಳ ಅಂಚಿನಿಂದ ನೀರಿಗೆ ಎಷ್ಟಿದೆ ಅಂತ ಟೇಪಿಗೆ ಗುಂಡು ಕಟ್ಟಿ ಅಳೆಯಿರಿ. ಅವತ್ತಿನ ಆಲಮಟ್ಟಿ ಮಟ್ಟ ಬರೆದಿಟ್ಟುಕೊಳ್ಳಿ, ಮಳೆಗಾಲದಲ್ಲಿ ಪತ್ರಿಕೆಯಲ್ಲಿ ದಿನಾ ಬರುತ್ತದೆ. ಡ್ಯಾಂನ ಗರಿಷ್ಠ ಮಟ್ಟ 519.60 ಮೀಟರ್. ಉದಾಹರಣೆಗೆ, ಮಟ್ಟ 515.20 ಇದ್ದ ದಿನ ನಿಮಗೆ 7.4 ಮೀಟರ್ ಸಿಕ್ಕಿತು ಅಂದುಕೊಳ್ಳಿ. ಡ್ಯಾಂ ತುಂಬಿದಾಗ ಅಲ್ಲಿ ಉಳಿಯುವುದು 3 ಮೀಟರ್. ಮಾಸ್ಟ್ 6, ಡೆಕ್ ನೀರಿನಿಂದ 0.9, ತುದಿಯ ಗಾಳಿಪಟ್ಟಿ 0.3 ಸೇರಿದರೆ ನಿಮಗೆ 7.2 ಬೇಕು. ಹಾಗಾದರೆ ಆ ಮೊದಲ ದಿನವೂ ಸಿಗುವುದು ಬರೀ ಒಂದು ಗೇಣು ಅಂತರ. ಒಂದು ಅಲೆ ಎದ್ದರೆ ಮುಗಿಯಿತು. ನಾನಾದರೆ ಅವತ್ತೂ ಮಾಸ್ಟ್ ಇಳಿಸಿಯೇ ಹೋಗುತ್ತೇನೆ.

ಮೇಲಿನಿಂದ ಪ್ರವಾಹ ಬರುವಾಗ ಈ ಲೆಕ್ಕ ನಂಬಬೇಡಿ. ಡ್ಯಾಂನಿಂದ ದೂರ, ನದಿಯ ಕಡೆಗೆ ಹೋದಂತೆ ನೀರಿನ ಮಟ್ಟ ಡ್ಯಾಂ ಹತ್ತಿರದ್ದಕ್ಕಿಂತ ಏರಿರುತ್ತದೆ.

ಹಿನ್ನೀರ ದಂಡೆ (ಬಾಗಲಕೋಟೆ)

ಎಲ್ಲ ಬರೆದಿಟ್ಟುಕೊಂಡೆ. ಹಳಬರೇ, ಒಂದು ಸಲ ಇಳಿಸುವ ಕ್ರಮವನ್ನು ಮೊದಲಿನಿಂದ ಹೇಳುತ್ತೀರಾ? ಸೇತುವೆ ಎದುರಿಗೆ ಬಂದಾಗ ಯಾವುದು ಮೊದಲು, ಯಾವುದು ಆಮೇಲೆ?

ನೌಕೆಯ ಹಳಬ (ವಿಜಯಪುರ)

ಸೇತುವೆ ಎದುರಿಗೆ ಬಂದಾಗ ಅಲ್ಲ, ಅದಕ್ಕೆ ಬಹಳ ಮೊದಲೇ. ಗಾಳಿ ಮರೆಯ ಜಾಗ ನೋಡಿ ಲಂಗರು ಹಾಕಿ, ಮೂತಿ ಗಾಳಿಗೆ ಎದುರಾಗಿ ನಿಲ್ಲಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ಜೋರಿರುತ್ತದೆ, ಬೆಳಗಿನ ಹೊತ್ತು ಆರಿಸಿಕೊಳ್ಳಿ. ಲೈಫ್ ಜಾಕೆಟ್ ಇಬ್ಬರೂ ಹಾಕಿರಬೇಕು.

ಹಾಯಿ ಇಳಿಸಿ ಬೂಮ್ ಪೂರ್ತಿ ಬಿಚ್ಚಿ ಕ್ಯಾಬಿನ್ ಪಕ್ಕ ಕಟ್ಟಿ. ಮಾಸ್ಟ್ ದೀಪದ ವೈರ್ ಇದ್ದರೆ ಕಳಚಿ, ಇದನ್ನು ಮರೆಯುವವರೇ ಜಾಸ್ತಿ. ಹಿಂಬದಿಯಲ್ಲಿ ಕವಲು ಆಸರೆ ನಿಲ್ಲಿಸಿ. ಪಕ್ಕದ ಹಗ್ಗ, ರಿಂಗ್ ಎಲ್ಲ ಕಟ್ಟಿ ಬಿಗಿ ನೋಡಿ. ಜಿನ್ ಪೋಲ್ ಕೂರಿಸಿ. ರಾಟೆ ಹಗ್ಗವನ್ನು ಮೂತಿಯಿಂದ ಹಿಂದಕ್ಕೆ ಕ್ಲೀಟ್‌ಗೆ ತಂದು ಒಂದು ಸುತ್ತು ಹಾಕಿ. ಹಾಲ್ಯಾರ್ಡ್ ಹಗ್ಗವನ್ನು, ಅಂದರೆ ಹಾಯಿ ಏರಿಸುವ ಹಗ್ಗವನ್ನು, ಮೂತಿಗೆ ಕಟ್ಟಿ ಮಾಸ್ಟನ್ನು ತಾತ್ಕಾಲಿಕವಾಗಿ ಹಿಡಿಸಿ. ಅದಾದ ಮೇಲೆ ಮಾತ್ರ ಫೋರ್‌ಸ್ಟೇಯ ಕ್ಲೆವಿಸ್ ಪಿನ್ ತೆಗೆಯಿರಿ. ಆ ಪಿನ್‌ಗೆ ಒಂದು ದಾರ ಕಟ್ಟಿ ದೋಣಿಗೆ ಕಟ್ಟಿರಿ. ಒದ್ದೆ ಕೈಯಲ್ಲಿ ಬೆರಳುದ್ದದ ಪಿನ್ ಜಾರಿ ನೀರಿಗೆ ಬಿದ್ದರೆ ಅವತ್ತಿನ ಪ್ರಯಾಣ ಅಲ್ಲಿಗೇ ನಿಂತಿತು.

ತಂತಿಯನ್ನು ಜಿನ್ ಪೋಲ್ ತುದಿಗೆ ಸೇರಿಸಿ, ಹಾಲ್ಯಾರ್ಡ್ ಬಿಚ್ಚಿ. ಬುಡದ ಬೋಲ್ಟ್ ತೆಗೆಯಿರಿ. ಒಬ್ಬರು ರಾಟೆ ಹಗ್ಗ ಬಿಡುತ್ತಾ ಬರಲಿ, ಇನ್ನೊಬ್ಬರು ಹಿಂದೆ ಕಾಕ್‌ಪಿಟ್‌ನಲ್ಲಿ ನಿಂತು ಮಾಸ್ಟ್ ಬರುವುದನ್ನು ನೋಡಲಿ. ಮಾಸ್ಟ್‌ನ ನೇರ ಕೆಳಗೆ ಯಾರೂ ನಿಲ್ಲಬಾರದು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು.

ಎತ್ತುವಾಗ ಇದೇ ತಿರುಗು ಮುರುಗು. ಆದರೆ ಕೊನೆಯ ಭಾಗದಲ್ಲಿ ಕಣ್ಣು ಶ್ರೌಡ್‌ಗಳ ಮೇಲಿರಲಿ. ಸಡಿಲ ತಂತಿ ಕಿಟಕಿ ಅಂಚಿಗೋ ಕ್ಲೀಟ್‌ಗೋ ಸಿಕ್ಕಿಕೊಳ್ಳುತ್ತದೆ. ತಂತಿ ಬಿಗಿಯುವ ಟರ್ನ್‌ಬಕಲ್ ಅಡ್ಡ ಬಿದ್ದಿದ್ದರೆ ಮಾಸ್ಟ್ ನೆಟ್ಟಗಾಗುವ ಹೊತ್ತಿಗೆ ಅದರ ಸ್ಕ್ರೂ ಬಾಗುತ್ತದೆ. ಇದ್ದಕ್ಕಿದ್ದಂತೆ ಹಗ್ಗ ಭಾರವಾಯಿತು ಅಂದರೆ ಏನೋ ಸಿಕ್ಕಿಕೊಂಡಿದೆ ಅಂತಲೇ ಅರ್ಥ. ಎಳೆಯುವುದನ್ನು ನಿಲ್ಲಿಸಿ, ಕ್ಲೀಟ್‌ಗೆ ಕಟ್ಟಿ, ಹೋಗಿ ನೋಡಿ. ಟರ್ನ್‌ಬಕಲ್ ಕೆಳಗೆ ಎರಡೂ ಕಡೆ ಆಡುವ ಟಾಗಲ್ (ಕೀಲು ಕೊಂಡಿ) ಹಾಕಿಸಿದರೆ ಈ ಕಾಟ ಬಹಳ ಕಡಿಮೆ.

ಕೊಲ್ಹಾರದ ಹುಡುಗ (ವಿಜಯಪುರ)

ಈಗ ಗೊತ್ತಾಯಿತು. ನಮ್ಮ ಕೊರ್ತಿ–ಕೊಲ್ಹಾರ ಸೇತುವೆ ಕೆಳಗೆ ಬಂದಾಗ ಹೇಳಿ ಅಣ್ಣಾ, ದಂಡೆ ಮೇಲಿಂದ ನೋಡುತ್ತೇನೆ. ದೊಡ್ಡ ದೋಣಿಗಳಲ್ಲೂ ಹೀಗೇ ಇಳಿಸುತ್ತಾರಾ? ಮಾದೇಯಿ ದೋಣಿಯ ಮಾಸ್ಟ್ ಸಹ?

ನೌಕೆಯ ಹಳಬ (ವಿಜಯಪುರ)

ಇಲ್ಲ. ನಮ್ಮ ಖಾನಾಪುರ ಕಾಡಿನಲ್ಲಿ ಹುಟ್ಟುವ ಹೊಳೆಯ ಹೆಸರು ಹೊತ್ತು ಪ್ರಪಂಚ ಸುತ್ತಿದ ದೋಣಿ ಅದು, 2012–13ರಲ್ಲಿ ನೌಕಾಪಡೆಯ ಅಭಿಲಾಷ್ ಟೋಮಿ ಎಲ್ಲೂ ನಿಲ್ಲದೆ ಒಬ್ಬರೇ ಸುತ್ತಿ ಬಂದರು. 56 ಅಡಿಯ ಸಮುದ್ರದ ದೋಣಿ. ಅಂಥವುಗಳ ಮಾಸ್ಟ್ ತೆಗೆಯಲು ಕ್ರೇನ್ ಬೇಕು. ಟ್ಯಾಬರ್ನೇಕಲ್ ಸೇತುವೆಗಳಿರುವ ನದಿ, ಕಾಲುವೆಗಳ ದೋಣಿಗೆ ಸರಿ. ಥೇಮ್ಸ್ ನದಿಯ ಸರಕು ದೋಣಿಗಳು, ಹಾಲೆಂಡಿನ ಚಪ್ಪಟೆ ತಳದ ದೋಣಿಗಳು ಎಲ್ಲ ಇದನ್ನೇ ನಂಬಿದ್ದವು. ನಮ್ಮ ಹಿನ್ನೀರಿಗೂ ಅದೇ ಸರಿಯಾದದ್ದು.

ಹಿನ್ನೀರ ದಂಡೆ (ಬಾಗಲಕೋಟೆ)

ಮುಂದಿನ ವಾರ ಡೆಕ್ ಬಿಚ್ಚಿ ಒಳಗೆ ನೋಡುತ್ತೇನೆ. ವೆಲ್ಡರ್ ಅಣ್ಣಾ, ಡ್ರಾಯಿಂಗ್‌ಗೆ ಯಾವ ಯಾವ ಅಳತೆ ಕಳಿಸಲಿ?

ಉದ್ಯಮಬಾಗ್ ವೆಲ್ಡರ್ (ಬೆಳಗಾವಿ)

ಮಾಸ್ಟ್‌ನ ಅಗಲ, ಆಳ ಎರಡೂ ಕ್ಯಾಲಿಪರ್ ಹಿಡಿದು ಮಿ.ಮೀ. ಲೆಕ್ಕದಲ್ಲಿ. ಕೆನ್ನೆಗೂ ಮಾಸ್ಟ್‌ಗೂ ನಡುವೆ ಒಂದೊಂದು ಬದಿಗೆ 1 ಮಿ.ಮೀ. ಬಿಡುತ್ತೇವೆ, ಅಲ್ಲಿ ನೈಲಾನ್ ವಾಷರ್ ಕೂರುತ್ತದೆ. ಜಾಸ್ತಿ ಬಿಟ್ಟರೆ ಮಾಸ್ಟ್ ಗಡಗಡ ಅನ್ನುತ್ತದೆ. ಡೆಕ್‌ನ ಉಬ್ಬು ಎಷ್ಟಿದೆ ಅಂತ ಒಂದು ನೇರ ಪಟ್ಟಿ ಅಡ್ಡ ಇಟ್ಟು ಎರಡೂ ತುದಿಯ ಸಂದು ಅಳೆಯಿರಿ, ತಳದ ಪ್ಲೇಟ್ ಅದಕ್ಕೆ ಹೊಂದಬೇಕು. ಚಾವಣಿಯ ಅತಿ ಎತ್ತರದ ಜಾಗ ಡೆಕ್‌ನಿಂದ ಎಷ್ಟು, ಹ್ಯಾಚ್ ಮುಚ್ಚಳ ಸೇರಿಸಿ. ಮಾಸ್ಟ್ ಈಗ ಹಿಂದಕ್ಕೆ ಎಷ್ಟು ವಾಲಿ ನಿಂತಿದೆ ಅಂತಲೂ ಬೇಕು, ತುದಿಯಿಂದ ಹಗ್ಗಕ್ಕೆ ಗುಂಡು ಕಟ್ಟಿ ಇಳಿಬಿಟ್ಟರೆ ಗೊತ್ತಾಗುತ್ತದೆ. ಮೊದಲು ಪ್ಲೈವುಡ್‌ನಲ್ಲಿ ಒಂದು ಮಾದರಿ ಮಾಡಿ ಡೆಕ್ ಮೇಲಿಟ್ಟು, ಮಾಸ್ಟ್ ಬದಲು ಒಂದು ಮರದ ತುಂಡು ಹಾಕಿ ತಿರುಗಿಸಿ ನೋಡಿ. ಅದು ಎಲ್ಲೂ ತಾಗದೆ ಮಲಗಿದರೆ ಆ ಪ್ಲೈವುಡ್ಡನ್ನೇ ಕಳಿಸಿ, ಅದರ ಮೇಲೇ ಪ್ಲೇಟ್ ಕತ್ತರಿಸುತ್ತೇನೆ.